ಗಣಿಯವ್ವ ಏನಂದಳು?

ಹೋದ ತಿಂಗಳು ದೇವದುರ್ಗದಲ್ಲಿ ಬಸ್ಸಿನಿಂದ ಇಳಿದವಳು ಬಿಸಿಲಲ್ಲೇ ನಿಂತುಬಿಟ್ಟೆ. ಎದುರಿನ ಎರಡು ಕಂಬಗಳಿಗೆ ಎರಡು ಬ್ಯಾನರು ಕಟ್ಟಿದ್ದರು. ಎರಡರಲ್ಲೂ ಅದೇ ಮುದುಕಿ, ನಮ್ಮ ಗಣಿಯವ್ವ. ಒಂದರಲ್ಲಿ ‘ಸೀಸದ ಗಣಿ ಮತ್ತೆ ತೆರೆಯಲೆಂದು ಹಂಬಲಿಸಿದ ಮಹಾತಾಯಿಗೆ ಭಾವಪೂರ್ಣ ಶ್ರದ್ಧಾಂಜಲಿ’ ಎಂದಿತ್ತು. ಇನ್ನೊಂದರಲ್ಲಿ ‘ಸೀಸದ ಗಣಿಯ ವಿರುದ್ಧ ದನಿ ಎತ್ತಿದ ಮಹಾತಾಯಿಗೆ ಭಾವಪೂರ್ಣ ಶ್ರದ್ಧಾಂಜಲಿ’. ಫೋಟೊ ಕೂಡ ಒಂದೇ. ರಾಯಚೂರಿನ ನಮ್ಮ ಮನೆಯ ಮೆಟ್ಟಿಲ ಮೇಲೆ ನಾವಿಬ್ಬರೂ ಕೂತಿದ್ದಾಗ ನನ್ನ ಮಗಳು ಮೊಬೈಲಿನಲ್ಲಿ ತೆಗೆದದ್ದು. ಎರಡೂ ಕಡೆಯವರು ನನ್ನನ್ನು ಕತ್ತರಿಸಿ ಹಾಕಿದ್ದರು. ಒಂದು ಬ್ಯಾನರಿನಲ್ಲಿ ಮಾತ್ರ ನನ್ನ ಮೊಣಕೈ ಉಳಿದುಕೊಂಡಿತ್ತು.

ಎರಡೂ ಕಡೆಯವರು ನನಗೆ ಫೋನು ಮಾಡುತ್ತಲೇ ಇದ್ದಾರೆ. “ಅಕ್ಕೋರ, ಅಹವಾಲು ಸಭೆ ದಿನ ನೀವ ಆಕಿ ಬಾಜೂಕ ಕುಂತಿದ್ರಿ. ಆಕಿ ನಮ್ಮ ಕಡೀಗೇ ಮಾತಾಡಿದ್ಲಲ್ರಿ? ನೀವೊಂದು ಮಾತು ಹೇಳಿಬಿಡ್ರಿ, ಮುಗೀತು.” ಗಣಿ ತೆರೆಯಬೇಕೋ ಬೇಡವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಆ ಗಣಿಯಲ್ಲಿ ದುಡಿದವರಲ್ಲಿ ಕೊನೆಗೆ ಉಳಿದಿದ್ದವಳು ಈಕೆ. ಹಾಗಾಗಿ ಈಕೆ ಏನಂದಳು ಎಂಬುದಕ್ಕೆ ಸತ್ತ ಮೇಲೆ ಇಲ್ಲದ ಬೆಲೆ ಬಂದಿದೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಲೆಕ್ಕಕ್ಕೆ ಒಂದೇ ಉತ್ತರ, ಅದರ ಕೆಳಗೆ ಎರಡು ಗೆರೆ ಎಂದು ಮಕ್ಕಳ ತಲೆ ತಿಂದವಳು. ಈ ಪ್ರಶ್ನೆಗೆ ಮಾತ್ರ ನನ್ನ ಬಳಿ ಉತ್ತರವಿಲ್ಲ.

ಆ ದಿನ ನಾನು ಹೊರಟಿದ್ದು ಆಕೆಯ ತಂಗಿಯ ಮಗಳು ದೇವಮ್ಮನ ಊರಿಗೆ. ಗಣಿಯ ಗುಡ್ಡದ ಬುಡದಲ್ಲೇ ಇರುವ ಊರು. ಗಣಿಯವ್ವ ಸತ್ತಾಗ ಹೋಗಲಾಗಿರಲಿಲ್ಲ, ಮೊಣಕಾಲು ನೋವು. ದೇವಮ್ಮನ ಕೂಸನ್ನೂ ನೋಡಿರಲಿಲ್ಲ. ಊರ ಕಡೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಬ್ಯಾನರುಗಳ ಎದುರಿಗಿದ್ದ ಹೋಟೆಲಿನಲ್ಲಿ ಚಹಾ ಹಿಡಿದು ಕೂತು, ಈಕೆ ನನ್ನನ್ನು ಎಷ್ಟು ಗೋಳುಹೊಯ್ದುಕೊಂಡಳು ಎಂದು ನೆನೆಸಿಕೊಂಡೆ.

ರಾಯಚೂರಿನ ಹಳೆಯ ಪೇಟೆಯಲ್ಲಿ ನಮ್ಮದೊಂದು ಸಣ್ಣ ಓಣಿ. ನಾನು ಮದುವೆಯಾಗಿ ಬಂದ ಹೊಸತರಲ್ಲಿ, ಹಿಂದಿನ ಮನೆಯ ಸಾಹೇಬರು ತಮ್ಮ ಕಟ್ಟಿಗೆ ಇಡುವ ಕೋಣೆಯನ್ನು ಖಾಲಿ ಮಾಡಿ ಒಂದು ಜೋಡಿಗೆ ಬಾಡಿಗೆ ಕೊಟ್ಟರು. ಗಣಿ ಮುಚ್ಚಿತೆಂದು ಊರು ಬಿಟ್ಟು ಬಂದವರು. ಗಂಡನಿಗೆ ಕೈಗಳಿದ್ದವು, ಆದರೆ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಿದ್ದವು, ಹಗ್ಗದ ಮೇಲೆ ಒಣಹಾಕಿದ ಒದ್ದೆ ಬಟ್ಟೆಯ ಹಾಗೆ. ರೊಟ್ಟಿ ಮುರಿಯಲು ಆಗುತ್ತಿರಲಿಲ್ಲ. ಆಕೆ ಮುರಿದು, ಪಲ್ಯ ಹಚ್ಚಿ, ಬಾಯಿಗಿಡುತ್ತಿದ್ದಳು. ಓಣಿಯವರು ಲಕ್ವಾ ಎಂದರು. ಎಣ್ಣೆ ತಿಕ್ಕಲು ಹೇಳಿದರು. ಆಕೆ ಬೇಡವೆನ್ನದೆ ತಿಕ್ಕಿದಳು. ಬೆಳಿಗ್ಗೆ ಎದ್ದು ಗಂಜ್ ಮಾರುಕಟ್ಟೆಯ ರೈಸ್ ಮಿಲ್ಲಿಗೆ ಅಕ್ಕಿ ಹಸನು ಮಾಡಲು ಹೋಗುತ್ತಿದ್ದಳು. ಗುಂಜಹಳ್ಳಿ, ಚಂದ್ರಬಂಡದ ಕಡೆಯಿಂದ ಬರುವ ಹೆಂಗಸರೇ ಆಕೆಗೆ ‘ಗಣಿಯವ್ವ’ ಎಂದು ಹೆಸರಿಟ್ಟರು. ಆಕೆಗೆ ಆಗ ಮೂವತ್ತು ದಾಟಿತ್ತೋ ಇಲ್ಲವೋ, ಅವ್ವ ಅನ್ನಿಸಿಕೊಳ್ಳುವ ವಯಸ್ಸೇ ಅಲ್ಲ. ಅನ್ನುವುದಕ್ಕೆ ಮಕ್ಕಳೂ ಇರಲಿಲ್ಲ.

ಯಾವುದಕ್ಕೂ ನೇರ ಉತ್ತರ ಕೊಡದ ಹೆಣ್ಣು. ಪುಂಡಿಪಲ್ಯ ಕೊಟ್ಟು ಹೇಗಿತ್ತು ಎಂದು ಕೇಳಿದರೆ, “ಚಲೋನೂ ಇತ್ರಿ, ಅಷ್ಟೇನೂ ಇದ್ದಿಲ್ರಿ” ಅನ್ನುತ್ತಿದ್ದಳು. ಜಾತ್ರೆಗೆ ಬರುತ್ತೀಯೋ ಇಲ್ಲವೋ ಎಂದರೆ, “ಬರಬೇಕಂತೀನಿ, ಆದ್ರ ಬರಂಗಿಲ್ಲ ಅಂತ ಅನಸ್ತದ.” ನನಗೆ ಮೈಯೆಲ್ಲ ಉರಿಯುತ್ತಿತ್ತು. “ಹೌದಂದ್ರ ಹೌದನ್ನು, ಅಲ್ಲಂದ್ರ ಅಲ್ಲನ್ನು, ಮಾರಾಯ್ತಿ” ಎಂದು ಗದರಿದರೆ ನಗುತ್ತಿದ್ದಳು. ಸಾಹೇಬರು ತಮ್ಮ ಮನೆಮಾತಿನಲ್ಲಿ, “ಹೌ ಬೀ ಬೋಲ್ತಿ, ನಕ್ಕೋ ಬೀ ಬೋಲ್ತಿ” ಎಂದು ಆಡಿಕೊಳ್ಳುತ್ತಿದ್ದರು. ಹೌದೂ ಅನ್ನುತ್ತಾಳೆ, ಬೇಡವೂ ಅನ್ನುತ್ತಾಳೆ ಎಂದು. ಬಾಡಿಗೆ ವಿಷಯದಲ್ಲಿ ಮಾತ್ರ ಹಾಗೆ ಮಾಡಲಿಲ್ಲ ಎಂಬ ಕಾರಣಕ್ಕೆ ಅವರಿಗೆ ಆಕೆಯ ಮೇಲೆ ಗೌರವ.

ಗಣಿಯ ವಿಷಯ ಬಂದರಂತೂ ಮುಗಿಯಿತು. ದೇವದುರ್ಗ ಮತ್ತು ಮಾನ್ವಿಯ ನಡುವಿನ ಒಂದು ಬೋಳು ಗುಡ್ಡ. ನಿಜಾಮರ ಕಾಲದಲ್ಲಿ ಯಾರೋ ಬಿಳಿಯರು ಬಂದು ಅಗೆದು, ಸಿಕ್ಕ ಸೀಸ ಸಾಲದೆಂದು ಬಿಟ್ಟುಹೋದರಂತೆ. ಆಮೇಲೆ ಎಷ್ಟೋ ವರ್ಷಕ್ಕೆ ಒಂದು ಕಂಪನಿ ಬಂದು ಆಳಕ್ಕೆ ಇಳಿಯಿತು. ಗಂಡಸರು ಒಳಗೆ, ಹೆಂಗಸರು ಮೇಲೆ. ಮೇಲೆ ಬಂದ ಕಲ್ಲನ್ನು ಸುತ್ತಿಗೆಯಿಂದ ಒಡೆದು, ಒಡೆದ ಕನ್ನಡಿಯ ಹಾಗೆ ಹೊಳೆಯುವ ಸೀಸದ ಚೂರುಗಳನ್ನು ಆರಿಸುವುದು ಹೆಂಗಸರ ಕೆಲಸ. “ನಮ್ಮ ಗುಡ್ಡದ ಮ್ಯಾಲ ರಾತ್ರೆಲ್ಲಾ ಲೈಟು ಇರತಿತ್ರಿ. ದೇವದುರ್ಗದಾಗ ಕಂದೀಲು. ಅಲ್ಲಿ ಮಂದಿ ಮಾಳಿಗಿ ಹತ್ತಿ ನಮ್ಮನ್ನ ನೋಡತಿದ್ರು” ಅನ್ನುವಾಗ ಆಕೆಯ ಕುತ್ತಿಗೆ ನೆಟ್ಟಗಾಗುತ್ತಿತ್ತು. ಗಣಿಯ ಹುಡುಗನಿಗೆ ಹೆಣ್ಣು ಕೊಡಲು ಸುತ್ತಿನ ಊರವರು ಮುಗಿಬೀಳುತ್ತಿದ್ದರಂತೆ. ಆಗ ದೇವದುರ್ಗದವರೂ ನಮ್ಮ ಗಣಿ ಅನ್ನುತ್ತಿದ್ದರು, ಮಾನ್ವಿಯವರೂ ನಮ್ಮ ಗಣಿ ಅನ್ನುತ್ತಿದ್ದರು. ಮುಚ್ಚಿದ ಮೇಲೆ ಕೇಳಿದರೆ ಇವರು ಅವರ ಕಡೆ ಕೈ ತೋರಿಸಿದರು, ಅವರು ಇವರ ಕಡೆ.

ಯಾಕೆ ಮುಚ್ಚಿತು? ಒಂದು ದಿನ, ಒಳಗೆ ನೀರು ಬಂತು, ಪಂಪು ಸೋತಿತು ಅನ್ನುತ್ತಿದ್ದಳು. ಇನ್ನೊಂದು ದಿನ, ಬಂಡೆಯೊಳಗಿನ ಸೀಸದ ಎಳೆ ಸಣ್ಣದಾಗುತ್ತ ಹೋಗಿ ಬೆರಳಷ್ಟಾಯಿತು ಅನ್ನುತ್ತಿದ್ದಳು. ಮತ್ತೊಂದು ದಿನ, ಹೊರಗೆ ಸೀಸವನ್ನು ಕೇಳುವವರೇ ಇಲ್ಲದಾಯಿತು ಅನ್ನುತ್ತಿದ್ದಳು. “ಇವುಗಳಲ್ಲಿ ಯಾವುದು ಖರೆ?” ಎಂದರೆ, “ಎಲ್ಲಾನೂ ಖರೆ ಇರಬೇಕ್ರಿ. ಒಂದ ಕಾರಣಕ್ಕ ಅಷ್ಟು ದೊಡ್ಡ ಗಣಿ ಮುಚ್ಚತದೇನು?” ಒಂದು ಮುಂಜಾನೆ ಕಲ್ಲು ಮೇಲೆತ್ತುವ ಗಡಗಡೆ ತಿರುಗಲಿಲ್ಲ, ಅಷ್ಟು ಮಾತ್ರ ಆಕೆಗೆ ಖಚಿತ. ಹೆಂಗಸರು ಸುತ್ತಿಗೆ ಹಿಡಿದು ಮಧ್ಯಾಹ್ನದವರೆಗೆ ಕಾದು ಕೂತಿದ್ದರಂತೆ.

ನನಗೆ ಆಕೆಯ ಮೇಲೆ ಸಿಟ್ಟು ಬಂದದ್ದು ನನ್ನ ಕುಬಸದ ದಿನ. ಏಳು ತಿಂಗಳ ಬಸುರಿ ನಾನು. ಹೊಸ ಸೀರೆ ಉಟ್ಟು ಕುರ್ಚಿಯ ಮೇಲೆ ಕೂತಿದ್ದೆ. ಓಣಿಯ ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಅಕ್ಕಿ, ಕೊಬ್ಬರಿ, ಬೆಲ್ಲ, ಉತ್ತತ್ತಿಯನ್ನು ನನ್ನ ಸೆರಗಿನ ಮಡಿಲಿಗೆ ಹಾಕಿ ಉಡಿ ತುಂಬಿದರು. ಈಕೆ ಬಾಗಿಲಾಚೆ ನಿಂತಿದ್ದಳು. ನಮ್ಮತ್ತೆ ಕರೆದರು, ನಾನೂ ಕರೆದೆ. “ಬ್ಯಾಡ್ರಿ, ನನ್ನ ಕೈಲೆ ಬ್ಯಾಡ್ರಿ” ಅಂದವಳೇ ಹೊರಟುಹೋದಳು. ಮಕ್ಕಳಿಲ್ಲವೆಂದು ತಾನೇ ಹಿಂಜರಿದಳೇನೋ ಎಂದುಕೊಂಡರೆ ಹಾಗೂ ಅಲ್ಲ. ಅಂಥ ಮಾತು ಆಡಿದ ಒಬ್ಬ ಹೆಂಗಸಿನ ಜುಟ್ಟು ಹಿಡಿದಿದ್ದವಳು ಆಕೆ. ಹಾಗಾದರೆ ಸೊಕ್ಕೇ ಎಂದು ತೀರ್ಮಾನಿಸಿ ಹೆರಿಗೆಯವರೆಗೆ ಮಾತು ಬಿಟ್ಟೆ. ಮಗಳು ಹುಟ್ಟಿದ ಮೇಲೆ ನೋಡಿದರೆ ಎಲ್ಲರಿಗಿಂತ ಮೊದಲು ಬಂದವಳು ಆಕೆಯೇ. ಮೈತೊಳೆದು ಒಗೆದ ಸೀರೆ ಉಟ್ಟು ಬರುತ್ತಿದ್ದಳು, ನನ್ನ ಮಗಳನ್ನು ಎತ್ತಿಕೊಂಡರೆ ಇಳಿಸುತ್ತಿರಲಿಲ್ಲ. ಉಡಿ ತುಂಬಲೊಲ್ಲದ ಕೈ ಕೂಸನ್ನು ಹೇಗೆ ಎತ್ತುತ್ತದೆ? ನನಗೆ ಅರ್ಥವಾಗಲಿಲ್ಲ. ಕೇಳಿದ್ದಕ್ಕೆ, “ಅದು ಬ್ಯಾರೆ, ಇದು ಬ್ಯಾರೆ” ಅಂದಳು. ಹೇಗೆ ಬೇರೆ ಎಂದು ಹೇಳಲಿಲ್ಲ.

ಗಂಡ ಸತ್ತ. ಆಕೆ ಓಣಿಯಲ್ಲೇ ಉಳಿದಳು. ಮಿಲ್ಲಿಗೆ ಯಂತ್ರ ಬಂದು ಅಕ್ಕಿ ಹಸನು ಮಾಡುವ ಕೆಲಸ ಹೋದ ಮೇಲೆ ನಾಲ್ಕು ಮನೆಯ ರೊಟ್ಟಿ ಬಡಿದು ಬದುಕಿದಳು. ನನ್ನ ಕೂದಲು ನೆರೆಯಿತು, ಆಕೆಯ ಹಲ್ಲು ಉದುರಿದವು. ಸಂಜೆ ಮೆಟ್ಟಿಲ ಮೇಲೆ ಕೂತು ಜಗಳವಾಡುವುದು ಇಬ್ಬರಿಗೂ ಅಭ್ಯಾಸವಾಯಿತು. ಆಕೆಯನ್ನು ನಾನು ಬಹಳ ಹಚ್ಚಿಕೊಂಡಿದ್ದೆ, ಇದನ್ನು ಬೇರೆ ಹೇಗೂ ಬರೆಯಲು ಬಾರದು.

ಈಚೆಗೆ ಬ್ಯಾಟರಿಗೋ ಮತ್ತೊಂದಕ್ಕೋ ಸೀಸ ಬೇಕೆಂದು ಗುಡ್ಡದ ಕಡೆ ಜೀಪುಗಳು ಓಡಾಡತೊಡಗಿದವು. ಗಣಿ ತೆರೆಯುವ ಮೊದಲು ಹಳೆಯ ಮಣ್ಣಿನ ದಿಬ್ಬಗಳಲ್ಲಿ ಎಷ್ಟು ಸೀಸ ಉಳಿದಿದೆ ಎಂದು ನೋಡಬೇಕಂತೆ. ಒಬ್ಬ ಗುತ್ತಿಗೆದಾರ ಊರ ಹೆಂಗಸರನ್ನು ಕರೆದು, ಆ ಮಣ್ಣನ್ನು ಸಾಣಿಗೆಯಲ್ಲಿ ಜಾಲಿಸಿ ಚೀಲ ತುಂಬಿಸುವ ಕೆಲಸಕ್ಕೆ ಹಚ್ಚಿದ. ದೇವಮ್ಮನೂ ಹೋಗತೊಡಗಿದಳು. ಮದುವೆಯಾಗಿ ಬಹಳ ವರ್ಷಕ್ಕೆ ಬಸಿರು ನಿಂತಿತ್ತು ಆಕೆಗೆ. ಈ ಎರಡೂ ಸುದ್ದಿ ಒಂದೇ ಫೋನಿನಲ್ಲಿ ಬಂದವು. ಗಣಿಯವ್ವ ಫೋನು ಕೆಳಗಿಟ್ಟವಳು ಆ ಸಂಜೆ ಮೆಟ್ಟಿಲ ಮೇಲೆ ಕೂರಲು ಬರಲಿಲ್ಲ.

ಸಾರ್ವಜನಿಕ ಅಹವಾಲು ಇದೆ, ಹಳೆಯ ಕೆಲಸಗಾರರು ಬರಬೇಕು ಎಂದು ಕರೆ ಬಂತು. ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಬಲಕ್ಕೆ ಗಣಿ ಬೇಕೆನ್ನುವವರು, ಎಡಕ್ಕೆ ಬೇಡವೆನ್ನುವವರು, ನಡುವೆ ಪೊಲೀಸರು. ದೇವಮ್ಮ ಬಂದಿರಲಿಲ್ಲ, ದಿಬ್ಬದ ಕೆಲಸದಲ್ಲಿದ್ದಳು. ಗಣಿಯವ್ವನ ಕೈಗೆ ಮೈಕು ಕೊಟ್ಟರು.

“ಗಣಿ ಚಲೋ ಇತ್ರಿ” ಅಂದಳು. ಬಲಗಡೆಯವರು ಚಪ್ಪಾಳೆ ತಟ್ಟಿದರು. “ನಾವು ಉಂಡೀವಿ. ಹೊಟ್ಟಿ ತುಂಬ ಉಂಡೀವಿ. ಸುಳ್ಳು ಯಾಕ ಹೇಳಲಿ? ಆದ್ರ ಹೆಣ್ಮಕ್ಕಳನ್ನ ಕರೀಬ್ಯಾಡ್ರಿ.” ಎಡಗಡೆಯವರು ಚಪ್ಪಾಳೆ ತಟ್ಟಿದರು. “ಕರದ್ರ ಹೋಗಬ್ಯಾಡ್ರೆವ್ವಾ.” ಮತ್ತೆ ಚಪ್ಪಾಳೆ. “ಹೋಗಬ್ಯಾಡ್ರಿ ಅಂದ್ರ ಹೆಂಗ? ಹೋಗಲಾರದ ಇರ್ತಾರೇನು? ನಾ ಇದ್ದೆನೇನು?” ಈಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಧಿಕಾರಿ ಕೇಳಿದರು, “ಅಮ್ಮಾ, ಒಟ್ಟಿನಲ್ಲಿ ಬೇಕೋ ಬೇಡವೋ?” ಆಕೆ ಮೈಕನ್ನು ನನ್ನ ಕೈಗೆ ಕೊಟ್ಟು ಕೂತುಬಿಟ್ಟಳು. ಅಷ್ಟು ಜನರೆದುರು ಮೈಕು ಹಿಡಿದು ನಾನು ಹುಚ್ಚಿಯ ಹಾಗೆ ನಿಂತಿದ್ದೆ.

ಬಸ್ಸಿನಲ್ಲಿ ಚೆನ್ನಾಗಿ ಬೈದೆ. ಒಂದು ಮಾತು ನೆಟ್ಟಗೆ ಹೇಳಲು ನಿನಗೇನು ಧಾಡಿ, ಸೀಸದ ವಿಷಕ್ಕೆ ಗಂಡನ ಕೈ ಹಾಗಾದದ್ದು ಹೇಳಬೇಕಿತ್ತು, ಇಲ್ಲವೇ ಸುಮ್ಮನಿರಬೇಕಿತ್ತು ಎಂದೆ. ಆಕೆ ಕಿಟಕಿಯ ಹೊರಗೆ ನೋಡುತ್ತ ಹೇಳತೊಡಗಿದಳು.

“ಕೆಲಸ ಬಿಟ್ಟ ಮ್ಯಾಲ ಎಲ್ಲಾರಿಗೂ ಅಂಗೈಯಷ್ಟು ಬೆಲ್ಲ ಕೊಡತಿದ್ರು ಅಕ್ಕೋರ. ಬೆಲ್ಲ ಎದಿಯೊಳಗಿನ ಧೂಳು ಕೊಯ್ಯತದ, ಕೈ ತೊಳಕೊಂಡು ಇಲ್ಲೇ ತಿನ್ರಿ ಅಂತಿದ್ರು. ಗಂಡಸರು ತಿಂತಿದ್ರು. ಯಾ ಹೆಣ್ಮಗಳು ತಾನೊಬ್ಬಾಕಿ ನಿಂತು ಬೆಲ್ಲ ತಿಂತಾಳ್ರೀ? ಉಡ್ಯಾಗ ಕಟ್ಟಿಕೊಂಡು ಮನಿಗೆ ತರತಿದ್ವಿ. ದಿನಾ ಕಲ್ಲು ಆರಿಸಿ ಹಾಕ್ಕೊಂತಿದ್ದುದೂ ಅದ ಉಡ್ಯಾಗ.”

ಉಡಿಯಲ್ಲಿದ್ದ ಸೀಸದ ಧೂಳೆಲ್ಲ ಬೆಲ್ಲಕ್ಕೆ ಹತ್ತುತ್ತಿತ್ತು ಎಂಬುದು ನನಗೆ ತಟ್ಟನೆ ತಿಳಿಯಲಿಲ್ಲ.

“ನಾ ಬಸುರಿದ್ದಾಗೆಲ್ಲ ಅದನ್ನ ತಿಂದೆ. ಒಂದೂ ಉಳೀಲಿಲ್ಲ. ಆಮ್ಯಾಲ ನನ್ನ ತಂಗಿ ಹಿರೇಮಗಗ ಕೊಟ್ಟೆ. ದೇವಮ್ಮನ ಅಣ್ಣ. ನಾ ಬರೂದನ್ನ ಕಾಯ್ಕೋಂತ ಕುಂದರತಿತ್ತು ಕೂಸು. ನಾನ ಉಡಿ ಬಿಚ್ಚಿ ಬಾಯಾಗ ಇಡತಿದ್ದೆ. ಹೊಟ್ಟಿ ಹಿಡ್ಕೊಂಡು ಅತ್ತು ಅತ್ತು ಹೋತು. ರಾಯಚೂರಿಗೆ ಬಂದ ಮ್ಯಾಲ ನಮ್ಮ ಮನಿಯವರ ಕೈ ನೋಡಿದ ಡಾಕ್ಟರಮ್ಮ ಎಲ್ಲಾ ಕೇಳಿದ್ಲು, ಏನು ಉಂಡ್ರಿ, ಏನು ತಂದ್ರಿ ಅಂತ. ಆಗ ಗೊತ್ತಾತು. ತಂಗಿಗೆ ಹೇಳಲಿಲ್ಲ. ಹೆಂಗ ಹೇಳಲ್ರಿ?”

ನನ್ನ ಕುಬಸದ ದಿನ ಆಕೆ ಬಾಗಿಲಾಚೆ ನಿಂತಿದ್ದು ಕಣ್ಣಿಗೆ ಕಟ್ಟಿತು. ಅಳು ಬಂತು, ಅಳುವುದನ್ನು ತೋರಿಸಲಾಗದೆ ಮತ್ತೆ ಗದರಿದೆ. “ಹಂಗಾರ ಗಣಿ ಬ್ಯಾಡ ಅಂತ ಯಾಕ ಅನ್ನಲಿಲ್ಲ?”

“ಬ್ಯಾಡ ಅಂದ್ರ ಉಂಡದ್ದು ಸುಳ್ಳಾಗತದ. ಬೇಕು ಅಂದ್ರ ಆ ಕೂಸು ಸತ್ತದ್ದು ಸುಳ್ಳಾಗತದ. ನೀವು ಕಲಿತಾಕಿ, ನೀವ ಹೇಳ್ರಿ, ಏನನ್ನಬೇಕಿತ್ತು?” ಆಕೆ ಚುಚ್ಚಲು ಕೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದಳು.

ಮರುವಾರ ಗಂಟು ಕಟ್ಟಿಕೊಂಡು ದೇವಮ್ಮನ ಊರಿಗೆ ಹೊರಟು ನಿಂತಳು. ಗುತ್ತಿಗೆದಾರನ ಹತ್ತಿರ ಹೋಗಿ, ದೇವಮ್ಮನ ಬದಲು ನಾನು ಮಣ್ಣು ಜಾಲಿಸುತ್ತೇನೆ, ಅವಳು ಮನೆಯಲ್ಲಿರಲಿ ಎಂದು ಹೇಳುವವಳಿದ್ದಳು. “ಈ ವಯಸ್ಸಿನಾಗ ಆ ಧೂಳಿನಾಗ ಮತ್ತ ಹೋಗ್ತೀಯಾ? ಹುಚ್ಚು ಹಿಡದದೇನು ನಿನಗ?” ಎಂದು ಕೂಗಾಡಿದೆ. “ನಂಗಿನ್ನ ಏನು ಹುಟ್ಟಬೇಕಾಗೇದ್ರಿ?” ಅಂದಳು. ನನಗೆ ನೆನಪಿರುವಂತೆ ಆಕೆ ನನಗೆ ಕೊಟ್ಟ ನೇರ ಉತ್ತರ ಅದೊಂದೇ. ಊರಲ್ಲಿ ಗಣಿ ಬೇಕೆನ್ನುವವರು, ನೋಡ್ರಿ, ಮುದುಕಿ ತಾನಾಗಿ ಗಣಿಗೆ ವಾಪಸ್ ಬಂತು ಎಂದು ಸಾರಿದರು. ಬೇಡವೆನ್ನುವವರು, ಬಸುರಿಯನ್ನು ಆ ಮಣ್ಣಿನಿಂದ ಪಾರುಮಾಡಲು ಬಂತು ಎಂದರು. ಹೆರಿಗೆಯಾದ ಮೇಲೂ ಆಕೆ ಕೆಲಸ ಬಿಡಲಿಲ್ಲ. ಬೇಸಿಗೆಯಲ್ಲಿ ಜ್ವರವೆಂದು ಮಲಗಿದವಳು ಏಳಲಿಲ್ಲ.

ದೇವದುರ್ಗದಲ್ಲಿ ನಾನು ಕಾಯುತ್ತಿದ್ದ ಬಸ್ಸು ಬಂತು. ದೇವಮ್ಮನ ಮನೆ ಊರ ಕೊನೆಯಲ್ಲಿ, ಅಂಗಳದಿಂದಲೇ ದಿಬ್ಬ ಕಾಣುತ್ತದೆ. “ಬರ್ರಿ ಅಕ್ಕೋರ, ಒಳಗ ಬರ್ರಿ” ಎಂದು ಚಾಪೆ ಹಾಸಿ, ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿದಳು. ಹೆಣ್ಣು ಕೂಸು. ಗುಂಡಗುಂಡಗೆ ಇದೆ. ನನ್ನ ಕನ್ನಡಕಕ್ಕೇ ಕೈ ಹಾಕಿತು.

“ದೊಡ್ಡವ್ವ ಇದನ್ನ ಒಮ್ಮಿನೂ ಎತ್ತಿಕೊಳ್ಳಲಿಲ್ಲ ನೋಡ್ರಿ” ಅಂದಳು ದೇವಮ್ಮ. “ಗುಡಿ ಕಟ್ಟಿ ಮ್ಯಾಲ ಮಲಗತಿದ್ಲು, ಅಲ್ಲೇ ಉಣತಿದ್ಲು. ದಿನಾ ಸಂಜೀಕ ಬಂದು ಆ ಬೇಲಿ ಹತ್ರ ನಿಂತು ನೋಡಿ ಹೋಗತಿದ್ಲು. ಒಳಗ ಬಾ ಅಂದ್ರ, ನಾಳಿ ಮೈತೊಳಕೊಂಡು ಬರತೀನಿ ಅಂತಿದ್ಲು. ಹೆಣ್ಣು ಹುಟ್ಟೇದಂತ ಬ್ಯಾಸರ ಇತ್ತೇನ್ರಿ ಆಕಿಗೆ?”

“ಇಲ್ಲವ್ವಾ” ಅಂದೆ. ಧೂಳಿನ ಸೀರೆಯಲ್ಲಿ ಕೂಸಿನ ಬಳಿ ಬರಬಾರದೆಂದು ಇದ್ದಿರಬೇಕು ಎಂದು ಅಷ್ಟನ್ನೇ ಹೇಳಿದೆ. ದೇವಮ್ಮ ಕಣ್ಣೊರೆಸಿಕೊಂಡು ನಕ್ಕಳು.

“ಬಾಳ ಅಂತಃಕರಣದಾಕಿ ರೀ. ನಮ್ಮವ್ವ ಸಾಯೂತನಕಾ ಹೇಳತಿದ್ಲು, ನಿಮ್ಮ ದೊಡ್ಡವ್ವ ತನಗ ಕೊಟ್ಟ ಬೆಲ್ಲ ತಾ ತಿನ್ನಲಾರದ ನಿಮ್ಮಣ್ಣಗ ತಂದು ತಿನಿಸ್ತಿದ್ಲು ಅಂತ. ನಾ ಹುಟ್ಟೂದ್ರಾಗ ಗಣೀನ ಮುಚ್ಚಿತ್ತು. ಆ ಬೆಲ್ಲ ನನ್ನ ಬಾಯಿಗೆ ಬರಲಿಲ್ಲ.” ಕೂಸಿನ ಕೆನ್ನೆ ಹಿಂಡಿದಳು. “ದೊಡ್ಡವ್ವನ ಜಾಗಾ ಖಾಲಿ ಅದ, ಸೋಮವಾರದಿಂದ ಬಾ ಅಂದಾರ ನಂಗ. ಈಗೂ ಸಂಜೀಕ ಬೆಲ್ಲ ಕೊಡತಾರಂತ. ಇದಕ್ಕ ತರತೀನಿ. ಹಲ್ಲು ಬಂದಿಲ್ಲ ಖರೆ, ಚೀಪತದ.”

ಗಣಿಯವ್ವ ತಂಗಿಗೂ ಹೇಳದೆ ಹೊತ್ತುಕೊಂಡು ಹೋದ ಮಾತು ಆ ಬೆಲ್ಲದ್ದು. ನನಗೆ ಯಾರಿಗಾದರೂ ಹೇಳು ಎಂದು ಹೇಳಿರಲಿಲ್ಲ. ಯಾರಿಗೂ ಹೇಳಬೇಡವೆಂದೂ ಹೇಳಿರಲಿಲ್ಲ. ಅದೂ ಆಕೆಯ ರೀತಿಯೇ. ಹೇಳಿದರೆ ಈ ಮನೆಯಲ್ಲಿ ಆಕೆಗೆ ಉಳಿದಿರುವ ಪ್ರೀತಿ ಏನಾಗುತ್ತದೋ ಗೊತ್ತಿಲ್ಲ. ಕೂಸು ನನ್ನ ತೊಡೆಯ ಮೇಲೆ ಕಾಲು ಬಡಿಯುತ್ತಿತ್ತು. ಹೇಳಿದೆ. ಉಡಿಯದು, ಬೆಲ್ಲದ್ದು, ಅಣ್ಣನದು, ಎಲ್ಲ ಹೇಳಿದೆ. ಅಡ್ಡಾದಿಡ್ಡಿಯಾಗಿ, ಹಿಂದುಮುಂದಾಗಿ ಹೇಳಿದೆ. ಗಣಿತದ ಅಕ್ಕೋರು ಹೇಳುವ ಹಾಗೆ ಹೇಳಲು ಆಗಲಿಲ್ಲ.

ದೇವಮ್ಮ ಕೂಸನ್ನು ನನ್ನ ತೊಡೆಯಿಂದ ತೆಗೆದುಕೊಂಡು ಸೆರಗಿನೊಳಗೆ ಒತ್ತಿಕೊಂಡಳು. ಎಷ್ಟೋ ಹೊತ್ತು ದಿಬ್ಬದ ಕಡೆ ನೋಡಿದಳು. ದೊಡ್ಡವ್ವನನ್ನು ಬಯ್ಯುತ್ತಾಳೆ ಎಂದು ನಾನು ಕಾದೆ. ಬಯ್ಯಲಿಲ್ಲ. ಅಳಲೂ ಇಲ್ಲ.

“ಸೋಮವಾರದಿಂದ ಬರತಾಳ ಅಂತ ನನ್ನ ಗಂಡ ಮಾತು ಕೊಟ್ಟು ಬಂದಾನ್ರಿ” ಅಂದಳು ಕೊನೆಗೆ. “ನಾ ಹೇಳಿದ್ರ ಕೇಳಂಗಿಲ್ಲ. ದೊಡ್ಡವ್ವನ ಮಾತು ಅಂದ್ರ ಕೇಳ್ತಾನ. ಹೋಗಬ್ಯಾಡ ಅಂತ ಆಕೀನ ಅಂದಿದ್ಲು ಅಂತ ಹೇಳಲೇನ್ರಿ?”

ಆಕೆ ಅಷ್ಟನ್ನೇ ಅಂದಿರಲಿಲ್ಲ. ಅಹವಾಲಿನ ದಿನ ಹಾಗೆ ಅಂದು, ಮರುಕ್ಷಣ ಹೋಗಲಾರದ ಇರ್ತಾರೇನು ಎಂದೂ ಅಂದಿದ್ದಳು.

“ಹೂಂ” ಅಂದೆ. “ಹೇಳು.”